ಕೇಳಿದ್ದೆಲ್ಲ ಸುದ್ದಿಯಾಗದು

ನಾಲಗೆ ಮತ್ತು ಲೇಖನಿ ಅಲ್ಲಾಹನು ಮನುಷ್ಯನಿಗೆ ವಹಿಸಿಕೊಟ್ಟ ಎರಡು ಅಮಾನತುಗಳು. ನಾಲಗೆ ಆಡಿದ ಮಾತು ಒಂದು ಬೀದಿಯನ್ನು ದಾಟುವಷ್ಟರಲ್ಲಿ ಲೇಖನಿ ಬರೆದ ಮಾತು ಒಂದು ರಾಜ್ಯವನ್ನು ದಾಟಿರುತ್ತದೆ. ಆದುದರಿಂದಲೇ ಲೇಖನಿ ಹಿಡಿದವನ ಲೆಕ್ಕ ನಾಲಗೆಯ ಲೆಕ್ಕಕ್ಕಿಂತ ಕಠಿಣವಾಗಿರುತ್ತದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನು ಸುಳ್ಳುಗಾರನಾಗಲು ಸಾಕು ಎಂಬ ಆಶಯದ ಪ್ರವಾದಿ(ಸ)ವರ್ಯರ ವಚನವನ್ನು ಇಮಾಮ್ ಮುಸ್ಲಿಮರು ತಮ್ಮ ಹದೀಸ್ ಗ್ರಂಥದ ಪೀಠಿಕೆಯಲ್ಲೇ ಇಟ್ಟಿದ್ದಾರೆ. ಅಲ್ಲಿ ಸುಳ್ಳನ್ನು ಕಟ್ಟಿದವನ ಮಾತಿಲ್ಲ. ಬೇರೆಯವರು ಕಟ್ಟಿದ್ದನ್ನು ಪರಿಶೀಲಿಸದೆ ಸಾಗಿಸಿದವನೂ ಸುಳ್ಳಿನ ಪಾಲುದಾರನೇ ಎಂಬುದು ಅದರ ಪಾಠ.

ಇಂದು ಪತ್ರಿಕೆ ತೆರೆದರೆ, ದೂರದರ್ಶನದ ವಾಹಿನಿ ತಿರುಗಿಸಿದರೆ, ಕೈಯಲ್ಲಿನ ಮೊಬೈಲ್ ನೋಡಿದರೆ ಯಾರಾದರೊಬ್ಬ ಮಂತ್ರಿಯ ಮೇಲೆ, ಅಧಿಕಾರಿಯ ಮೇಲೆ, ವಿದ್ವಾಂಸನ ಮೇಲೆ ಒಂದಲ್ಲ ಒಂದು ಆರೋಪ ಇದ್ದೇ ಇರುತ್ತದೆ. ಕೆಲವು ನಿಜ, ಕೆಲವು ಸುಳ್ಳು. ಸಾರ್ವಜನಿಕ ಜೀವನದಲ್ಲಿರುವವರ ಮೇಲೆ ಬರುವ ಆರೋಪವನ್ನು ಪ್ರಕಟಿಸುವ ಮುನ್ನ ಮಾಧ್ಯಮದ ಹೊಣೆಯೇನು? ಅದನ್ನು ಓದುವ ನಮ್ಮ ಹೊಣೆಯೇನು? ಈ ಲೇಖನದಲ್ಲಿ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ನಂಬಬೇಡಿ ಎನ್ನಲಿಲ್ಲ, ವಿಚಾರಿಸಿ ಎಂದಿತು

ಕರ್ಮಭ್ರಷ್ಟನೊಬ್ಬನು ಸುದ್ದಿ ತಂದರೆ ಮೊದಲು ವಿಚಾರಿಸಿ ತಿಳಿದುಕೊಳ್ಳಬೇಕು, ಇಲ್ಲವಾದರೆ ಅರಿಯದೆ ಒಂದು ಜನಸಮೂಹಕ್ಕೆ ಕೇಡು ಮಾಡಿ ಬಳಿಕ ಪಶ್ಚಾತ್ತಾಪಪಡಬೇಕಾದೀತು ಎಂದು ಪವಿತ್ರ ಕುರ್‌ಆನ್ ಸೂರಃ ಅಲ್ ಹುಜುರಾತ್‌ನ 6ನೇ ಸೂಕ್ತದಲ್ಲಿ ಎಚ್ಚರಿಸಿದೆ. ಈ ಆಜ್ಞೆಯಲ್ಲಿ ಒಂದು ಸೂಕ್ಷ್ಮವಿದೆ. ಅಂಥವನ ಸುದ್ದಿಯನ್ನು ಎಸೆದುಬಿಡಿ ಎಂದು ಕುರ್‌ಆನ್ ಹೇಳಲಿಲ್ಲ. ಏಕೆಂದರೆ ಕೆಟ್ಟವನ ಬಾಯಿಂದಲೂ ಕೆಲವೊಮ್ಮೆ ನಿಜ ಹೊರಡಬಹುದು. ನಂಬಿಬಿಡಿ ಎಂದೂ ಹೇಳಲಿಲ್ಲ. ನಂಬುವುದು ಮತ್ತು ತಳ್ಳಿಹಾಕುವುದು ಇವೆರಡರ ನಡುವೆ ಮೂರನೆಯ ಕರ್ತವ್ಯವೊಂದನ್ನು ಅದು ವಿಧಿಸಿತು. ಅದುವೇ ವಿಚಾರಣೆ, ಅರಬಿಯಲ್ಲಿ 'ತಬಯ್ಯುನ್'.

ಇದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಬೇಕು. ಪರಿಶೀಲನೆಯ ಮಾತೆತ್ತಿದೊಡನೆ 'ಹಾಗಾದರೆ ದೊಡ್ಡವರ ತಪ್ಪನ್ನು ಮುಚ್ಚಿಡಬೇಕೇ?' ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ಅನ್ಯಾಯಗಾರನಾದ ಆಡಳಿತಗಾರನ ಮುಂದೆ ನ್ಯಾಯದ ಮಾತನ್ನಾಡುವುದನ್ನು ಶ್ರೇಷ್ಠ ಜಿಹಾದ್ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಸ್ವಂತದವರ ವಿರುದ್ಧವಾದರೂ, ಆರೋಪಿ ಶ್ರೀಮಂತನೇ ಆಗಿದ್ದರೂ ಸತ್ಯಕ್ಕೆ ಸಾಕ್ಷಿ ನಿಲ್ಲಬೇಕೆಂದು ಸೂರಃ ಅನ್ನಿಸಾದ 135ನೇ ಸೂಕ್ತ ಆದೇಶಿಸುತ್ತದೆ. ಪರಿಶೀಲನೆ ದೊಡ್ಡವರನ್ನು ಕಾಯುವ ಬೇಲಿಯಲ್ಲ. ಅದು ನಿರಪರಾಧಿಯನ್ನೂ ಕಾಯುತ್ತದೆ, ನಿಜವಾಗಿ ನೊಂದವನ ದೂರಿಗೆ ಬಲವನ್ನೂ ಕೊಡುತ್ತದೆ.

1994ರ ಅಕ್ಟೋಬರ್

ನಮ್ಮ ದೇಶದ ಕಾನೂನೂ ಇದಕ್ಕೆ ಹತ್ತಿರದ ಮಾತನ್ನೇ ಆಡಿದೆ. 1994ರ ಅಕ್ಟೋಬರ್ 7ರಂದು ಸುಪ್ರೀಂ ಕೋರ್ಟು ತಮಿಳು ವಾರಪತ್ರಿಕೆಯೊಂದರ ಸಂಪಾದಕ ಆರ್. ರಾಜಗೋಪಾಲ್ ಅವರ ಮೊಕದ್ದಮೆಯಲ್ಲಿ ತೀರ್ಪು ನೀಡಿತು. ಸರಕಾರಿ ಅಧಿಕಾರಿಗಳ ಅಧಿಕೃತ ನಡವಳಿಕೆಯ ಬಗ್ಗೆ ಪತ್ರಿಕೆ ಬರೆಯುವುದನ್ನು ಮುಂಚಿತವಾಗಿಯೇ ತಡೆಯುವ ಹಕ್ಕು ಅವರಿಗಿಲ್ಲ ಎಂದು ಅದು ಹೇಳಿತು. ಬರೆದದ್ದು ತಪ್ಪೆಂದು ತಿಳಿದುಬಂದರೂ, ಸತ್ಯಾಂಶವನ್ನು ತಕ್ಕಮಟ್ಟಿಗೆ ಪರಿಶೀಲಿಸಿದ ಬಳಿಕವೇ ಬರೆದೆವೆಂದು ತೋರಿಸಿಕೊಟ್ಟರೆ ಪತ್ರಿಕೆ ಪರಿಹಾರ ತೆರಬೇಕಾಗಿಲ್ಲ ಎಂದೂ ಹೇಳಿತು. ಅಂದರೆ ನ್ಯಾಯಾಲಯ ಪತ್ರಿಕೆಗೆ ವಿಶಾಲವಾದ ಬಾಗಿಲನ್ನೇ ತೆರೆಯಿತು. ಆದರೆ ಆ ಬಾಗಿಲಿನ ಬೀಗದ ಕೈ ಪರಿಶೀಲನೆಯೇ ಆಗಿತ್ತು.

ಈ ತೀರ್ಪು ಬಂದ ಎಂಟು ದಿನಗಳಿಗೆ, ಅಕ್ಟೋಬರ್ 15ರಂದು, ಶ್ರೀಹರಿಕೋಟಾದಿಂದ ಪಿ.ಎಸ್.ಎಲ್.ವಿ. ರಾಕೆಟ್ ಮೊದಲ ಬಾರಿಗೆ ಯಶಸ್ವಿಯಾಗಿ ಮೇಲೇರಿತು. ಅದರ ಎರಡನೆಯ ಹಂತದಲ್ಲಿದ್ದ 'ವಿಕಾಸ್' ಎಂಜಿನ್ನನ್ನು ರೂಪಿಸುವುದರಲ್ಲಿ ಮುಖ್ಯ ಪಾತ್ರ ವಹಿಸಿದವರು ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್. ಮತ್ತೆ ಐದು ದಿನ ಕಳೆದು, ಅಕ್ಟೋಬರ್ 20ರಂದು, ವೀಸಾದ ಅವಧಿ ಮೀರಿ ಉಳಿದಿದ್ದಾಳೆಂದು ಮಾಲ್ದೀವ್ಸ್‌ನ ಮಹಿಳೆಯೊಬ್ಬಳನ್ನು ತಿರುವನಂತಪುರದಲ್ಲಿ ಪೊಲೀಸರು ಬಂಧಿಸಿದರು.

ವೀಸಾದ ಆ ಚಿಕ್ಕ ಪ್ರಕರಣ ಒಂದು ತಿಂಗಳೊಳಗೆ ದೇಶದ್ರೋಹದ ದೊಡ್ಡ ಕಥೆಯಾಯಿತು. ಇಸ್ರೋ ವಿಜ್ಞಾನಿಗಳು ರಾಕೆಟ್ ಎಂಜಿನ್ನಿನ ನಕ್ಷೆಗಳನ್ನು ಮಾಲ್ದೀವ್ಸ್‌ನ ಇಬ್ಬರು ಮಹಿಳೆಯರ ಮೂಲಕ ಪಾಕಿಸ್ತಾನಕ್ಕೆ ಮಾರಿದರು ಎಂಬುದು ಆರೋಪ. ನವೆಂಬರ್ 30ರಂದು ನಂಬಿ ನಾರಾಯಣನ್ ಬಂಧನಕ್ಕೊಳಗಾದರು. ಆಗ ಅವರಿಗೆ 52 ವರ್ಷ. ಕೇರಳದ ಪತ್ರಿಕೆಗಳು ದಿನಕ್ಕೊಂದು ಹೊಸ ಕಂತು ಪ್ರಕಟಿಸಿದವು. ಆ ಮಹಿಳೆಯರನ್ನು ಸೌಂದರ್ಯದ ಬಲೆ ಬೀಸುವ ಗೂಢಚಾರಿಣಿಯರೆಂದು ಬಣ್ಣಿಸಿದವು. ಮುಖ್ಯಮಂತ್ರಿ ಕೆ. ಕರುಣಾಕರನ್ ಅವರು ತಮಗೆ ಆಪ್ತನಾದ ಹಿರಿಯ ಪೊಲೀಸ್ ಅಧಿಕಾರಿಯನ್ನು ರಕ್ಷಿಸುತ್ತಿದ್ದಾರೆ ಎಂಬ ಆರೋಪವೂ ಎದ್ದಿತು. ಪಕ್ಷದೊಳಗಿನ ಗುಂಪುಗಾರಿಕೆ ಅದಕ್ಕೆ ಗಾಳಿ ಊದಿತು. 1995ರ ಮಾರ್ಚ್‌ನಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು.

ಕೇಳಬಹುದಾಗಿದ್ದ ಪ್ರಶ್ನೆಗಳು

ಈಗ ತಣ್ಣಗೆ ಕುಳಿತು ಯೋಚಿಸೋಣ. ಆ ದಿನಗಳಲ್ಲಿ ವರದಿಗಾರನೊಬ್ಬನು ಯಾವ ಗುಪ್ತ ಕಡತವನ್ನೂ ಕದಿಯದೆ ಕೇಳಬಹುದಾಗಿದ್ದ ಪ್ರಶ್ನೆಗಳಿದ್ದವು.

ಒಂದು: ಮಾರಿದರೆನ್ನಲಾದ ವಸ್ತು ಮಾರುವವನ ಬಳಿ ಇತ್ತೇ? ಕ್ರಯೋಜೆನಿಕ್ ಎಂಜಿನ್ನಿನ ತಂತ್ರಜ್ಞಾನ ಅಂದು ಭಾರತಕ್ಕೇ ಕರಗತವಾಗಿರಲಿಲ್ಲ. ಅದನ್ನು ರಷ್ಯಾದಿಂದ ಪಡೆಯಲು ಒಪ್ಪಂದವಾಗಿತ್ತು. ಅಮೆರಿಕದ ಒತ್ತಡದಿಂದಾಗಿ 1993ರಲ್ಲಿ ರಷ್ಯಾ ತಂತ್ರಜ್ಞಾನ ಕೊಡುವುದರಿಂದ ಹಿಂದೆ ಸರಿದಿತ್ತು. ಇದೆಲ್ಲ ಪತ್ರಿಕೆಗಳಲ್ಲೇ ಬಂದಿದ್ದ ವಿಷಯ. ಭಾರತವು ತಾನೇ ತಯಾರಿಸಿದ ಕ್ರಯೋಜೆನಿಕ್ ಎಂಜಿನ್ನಿನಿಂದ ರಾಕೆಟನ್ನು ಯಶಸ್ವಿಯಾಗಿ ಹಾರಿಸಿದ್ದು 2014ರ ಜನವರಿ 5ರಂದು.

ಎರಡು: ಯಾವ ಕಾಗದ ಕಳೆದುಹೋಗಿದೆ? ಕಳ್ಳತನದ ಸುದ್ದಿ ಬರೆಯುವವನು ಏನು ಕಳುವಾಗಿದೆ ಎಂದು ಮೊದಲು ಕೇಳುತ್ತಾನೆ. ಈ ಪ್ರಕರಣದಲ್ಲಿ ಆ ಮೊದಲ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ತೀರ್ಪು ಬರೆದಾಗಿತ್ತು.

ಮೂರು: ಸುದ್ದಿ ಹೇಳುತ್ತಿರುವವರು ಯಾರು? ಬಂಧಿಸಿದ ಪೊಲೀಸರು ಮತ್ತು ವಿಚಾರಣೆ ನಡೆಸುತ್ತಿದ್ದ ಅಧಿಕಾರಿಗಳ ಕಡೆಯಿಂದ ಸೋರಿಬಂದ ಮಾತುಗಳೇ ಹೆಚ್ಚಿನ ವರದಿಗಳ ಆಧಾರವಾಗಿದ್ದವು. ಬಂಧಿತರ ಮಾತನ್ನು ಕೇಳಿದವರಿಲ್ಲ. ಬಂಧಿಸಿದವನಿಗೆ ತನ್ನ ಬಂಧನ ಸರಿಯೆಂದು ತೋರಿಸುವ ಅಗತ್ಯವಿರುತ್ತದೆ. ಅವನ ಮಾತು ಸುದ್ದಿಯ ಒಂದು ಭಾಗ ಮಾತ್ರ.

1994ರ ಡಿಸೆಂಬರ್‌ನಲ್ಲಿ ತನಿಖೆ ಸಿ.ಬಿ.ಐ. ಕೈಗೆ ಬಂತು. ಈ ಪ್ರಶ್ನೆಗಳನ್ನೆಲ್ಲ ಕೇಳಿ ನೋಡಿದ ಸಿ.ಬಿ.ಐ., ಆರೋಪ ಆಧಾರವಿಲ್ಲದ್ದು ಎಂದು 1996ರಲ್ಲಿ ವರದಿ ಕೊಟ್ಟಿತು. ನ್ಯಾಯಾಲಯ ಅದನ್ನು ಒಪ್ಪಿ ಆರು ಮಂದಿ ಆರೋಪಿಗಳನ್ನೂ ಬಿಡುಗಡೆ ಮಾಡಿತು. ರಾಜ್ಯ ಸರಕಾರ ಮತ್ತೆ ತನಿಖೆಗೆ ಹೊರಟಾಗ 1998ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿತು. 2018ರ ಸೆಪ್ಟೆಂಬರ್ 14ರಂದು ಅದೇ ನ್ಯಾಯಾಲಯ, ನಂಬಿ ನಾರಾಯಣನ್ ಅವರ ಬಂಧನ ಅನಗತ್ಯವಾಗಿತ್ತೆಂದು ಹೇಳಿ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. 2019ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಆದರೆ ಲೆಕ್ಕ ಅಲ್ಲಿಗೆ ಮುಗಿಯಿತೇ? 52ರಲ್ಲಿ ಜೈಲಿಗೆ ಹೋದ ಮನುಷ್ಯನಿಗೆ ಪೂರ್ಣ ನ್ಯಾಯದ ಮಾತು ಕೇಳಿಸಿದ್ದು 76ರಲ್ಲಿ. ಕರುಣಾಕರನ್ 2010ರಲ್ಲೇ ತೀರಿಹೋಗಿದ್ದರು. ಆ ತೀರ್ಪನ್ನು ಕೇಳುವ ಭಾಗ್ಯ ಅವರಿಗೆ ಇರಲಿಲ್ಲ. ಆ ಇಬ್ಬರು ಮಹಿಳೆಯರು ಪರದೇಶದ ಜೈಲಿನಲ್ಲಿ ಸುಮಾರು ಮೂರು ವರ್ಷ ಕಳೆದರು. ಅವರ ಮಾನದ ಬಗ್ಗೆ ಬರೆದ ಸಾಲುಗಳನ್ನು ಯಾವ ನ್ಯಾಯಾಲಯವೂ ಓದುಗರ ಮನಸ್ಸಿನಿಂದ ಅಳಿಸಲಾರದು. ಶೀಲವತಿಯರ ಮೇಲೆ ಆರೋಪ ಹೊರಿಸಿ ನಾಲ್ಕು ಸಾಕ್ಷಿಗಳನ್ನು ತಾರದವರಿಗೆ ಸೂರಃ ಅನ್ನೂರ್ 80 ಛಡಿಯೇಟಿನ ಶಿಕ್ಷೆ ವಿಧಿಸಿದ್ದು ಮಾತ್ರವಲ್ಲ, ಮುಂದೆಂದೂ ಅವರ ಸಾಕ್ಷ್ಯವನ್ನು ಸ್ವೀಕರಿಸಬಾರದೆಂದೂ ಹೇಳಿತು. ಸುದ್ದಿಯೇ ವೃತ್ತಿಯಾದವನಿಗೆ ಈ ಎರಡನೆಯ ಶಿಕ್ಷೆಯೇ ಹೆಚ್ಚು ಭಾರವೆನಿಸಬೇಕು.

ನೂರು ಪತ್ರಿಕೆ, ಮೂಲ ಒಂದೇ

'ಎಲ್ಲ ಪತ್ರಿಕೆಗಳೂ ಬರೆದಿವೆ, ಎಲ್ಲವೂ ಸುಳ್ಳಾಗಲು ಸಾಧ್ಯವೇ?' ಎಂದು ಅಂದು ಜನ ಕೇಳಿದ್ದರೆ ಆಶ್ಚರ್ಯವಿಲ್ಲ. ಇಂದೂ ಹಾಗೆಯೇ ಕೇಳುತ್ತಾರೆ. ಇದಕ್ಕೆ ಹದೀಸ್ ವಿದ್ವಾಂಸರ ಬಳಿ ಉತ್ತರವಿದೆ.

ಅವರು ವರದಿಗಳನ್ನು ವಿಂಗಡಿಸಿದರು. ಪ್ರತಿಯೊಂದು ತಲೆಮಾರಿನಲ್ಲೂ, ಒಟ್ಟುಗೂಡಿ ಸುಳ್ಳು ಹೇಳಲು ಸಾಧ್ಯವಿಲ್ಲದಷ್ಟು ಮಂದಿ ಹೇಳಿದ್ದು 'ಮುತವಾತಿರ್'. ಆ ಸಂಖ್ಯೆಗೆ ತಲುಪದ್ದು 'ಆಹಾದ್'. ಒಬ್ಬನಿಂದ ನೂರು ಮಂದಿ ಕೇಳಿ, ಆ ನೂರು ಮಂದಿ ಸಾವಿರ ಮಂದಿಗೆ ಹೇಳಿದರೂ ಅದು ಮುತವಾತಿರ್ ಆಗುವುದಿಲ್ಲ. ಏಕೆಂದರೆ ಸರಪಳಿಯ ಬುಡದಲ್ಲಿ ನಿಂತಿರುವವನು ಒಬ್ಬನೇ. ನೂರು ಪತ್ರಿಕೆಗಳು ಒಂದೇ ಪೊಲೀಸ್ ಠಾಣೆಯಿಂದ ಸೋರಿದ ಮಾತನ್ನು ಮುದ್ರಿಸಿದರೆ ಅದು ನೂರು ಸಾಕ್ಷ್ಯವಲ್ಲ, ನೂರು ಪ್ರತಿ ಮಾತ್ರ. ಪ್ರತಿಗಳ ಸಂಖ್ಯೆಯನ್ನು ಸಾಕ್ಷಿಗಳ ಸಂಖ್ಯೆಯೆಂದು ತಿಳಿಯುವುದೇ ಈ ಕಾಲದ ಅತಿ ದೊಡ್ಡ ಮೋಸ.

ಸಮಾಜದಲ್ಲಿ ಫಿತ್ನ ತಲೆದೋರಿದ ಬಳಿಕ, ಹದೀಸ್ ಹೇಳಲು ಬಂದವನನ್ನು 'ಯಾರಿಂದ ಕೇಳಿದೆ, ಹೆಸರು ಹೇಳು' ಎಂದು ಕೇಳುವ ರೂಢಿ ಬಂತೆಂದು ಇಬ್ನು ಸೀರೀನ್ ಹೇಳಿದ್ದಾರೆ. ಒಂದೇ ಒಂದು ಹದೀಸನ್ನು ಅದನ್ನು ಕೇಳಿದವರ ಬಾಯಿಂದಲೇ ಕೇಳಿ ಖಚಿತಪಡಿಸಿಕೊಳ್ಳಲು ಹಝ್ರತ್ ಜಾಬಿರ್ ಬಿನ್ ಅಬ್ದುಲ್ಲಾ(ರ) ಒಂದು ತಿಂಗಳ ದಾರಿ ಪ್ರಯಾಣಿಸಿ ಶಾಮ್ ದೇಶಕ್ಕೆ ಹೋದರು. ಇಂದು ಒಂದು ಫೋನ್ ಕರೆ ಮಾಡಲು ಪುರುಸೊತ್ತಿಲ್ಲ ಎನ್ನುವ ವರದಿಗಾರನು ಆ ಒಂಟೆ ಸವಾರನನ್ನು ನೆನಪಿಸಿಕೊಳ್ಳಬೇಕು.

ಪ್ರಾಮಾಣಿಕನೂ ತಪ್ಪಬಹುದು

ಹದೀಸ್ ವಿದ್ವಾಂಸರು ವರದಿಗಾರನಲ್ಲಿ ಎರಡು ಗುಣಗಳನ್ನು ಹುಡುಕಿದರು. ಒಂದು 'ಅದಾಲತ್', ಅಂದರೆ ಪ್ರಾಮಾಣಿಕತೆ. ಇನ್ನೊಂದು 'ಝಬ್ತ್', ಅಂದರೆ ಕಂಡು ಕೇಳಿದ್ದನ್ನು ತಪ್ಪಿಲ್ಲದೆ ನೆನಪಿಟ್ಟುಕೊಳ್ಳುವ ಸಾಮರ್ಥ್ಯ. ಒಳ್ಳೆಯವನು ಎಂಬ ಒಂದೇ ಕಾರಣಕ್ಕೆ ಅವನ ವರದಿಯನ್ನು ಅವರು ಸ್ವೀಕರಿಸಲಿಲ್ಲ. ಈ ಎರಡನೆಯ ಶರತ್ತು ಎಷ್ಟು ಮುಖ್ಯವೆಂಬುದನ್ನು ತಿಳಿಯಲು ಬ್ರಿಟನ್ನಿನಲ್ಲಿ ನಡೆದ ಒಂದು ಘಟನೆಯನ್ನು ನೋಡೋಣ.

2012ರ ನವೆಂಬರ್ 2ರಂದು ಬಿ.ಬಿ.ಸಿ. ದೂರದರ್ಶನದ 'ನ್ಯೂಸ್‌ನೈಟ್' ಕಾರ್ಯಕ್ರಮದಲ್ಲಿ ಒಬ್ಬ ವ್ಯಕ್ತಿ ಮಾತನಾಡಿದರು. ಬಾಲ್ಯದಲ್ಲಿ ಉತ್ತರ ವೇಲ್ಸ್‌ನ ಮಕ್ಕಳ ಆಶ್ರಯಧಾಮವೊಂದರಲ್ಲಿ ಅವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು. ಅದರಲ್ಲಿ ಕನ್ಸರ್ವೇಟಿವ್ ಪಕ್ಷದ ಪ್ರಮುಖನೊಬ್ಬನ ಕೈವಾಡವೂ ಇತ್ತೆಂದು ಕಾರ್ಯಕ್ರಮ ಹೇಳಿತು. ಹೆಸರನ್ನು ಹೇಳಲಿಲ್ಲ. ಆದರೆ ಟ್ವಿಟರ್‌ನಲ್ಲಿ ಆ ಪಕ್ಷದ ಮಾಜಿ ಖಜಾಂಚಿ ಲಾರ್ಡ್ ಮೆಕ್‌ಆಲ್ಪೈನ್ ಅವರ ಹೆಸರು ಕಾಡ್ಗಿಚ್ಚಿನಂತೆ ಹಬ್ಬಿತು. ಒಂದು ವಾರದ ಬಳಿಕ ದೂರುದಾರರಿಗೆ ಅವರ ಭಾವಚಿತ್ರವನ್ನು ತೋರಿಸಲಾಯಿತು. 'ಇವರಲ್ಲ' ಎಂದ ದೂರುದಾರರು ಕ್ಷಮೆ ಕೇಳಿದರು.

ದೂರುದಾರರು ಸುಳ್ಳುಗಾರರಾಗಿರಲಿಲ್ಲ. ಅವರ ನೋವು ನಿಜವಾಗಿತ್ತು, ಗುರುತು ಮಾತ್ರ ತಪ್ಪಿತ್ತು. ಪ್ರಸಾರಕ್ಕೆ ಮೊದಲು ಅವರಿಗೆ ಒಂದು ಚಿತ್ರವನ್ನು ತೋರಿಸಿದ್ದರೆ, ಆರೋಪ ಯಾರನ್ನು ಕುರಿತದ್ದೋ ಅವರಿಗೆ ಒಂದು ಕರೆ ಮಾಡಿದ್ದರೆ ಮುಗಿದುಹೋಗುತ್ತಿತ್ತು. ಎರಡನ್ನೂ ಮಾಡಲಿಲ್ಲ. ನವೆಂಬರ್ 10ರಂದು ಬಿ.ಬಿ.ಸಿ.ಯ ಮಹಾನಿರ್ದೇಶಕರು ಅಧಿಕಾರ ವಹಿಸಿಕೊಂಡ 54 ದಿನಗಳಲ್ಲೇ ರಾಜೀನಾಮೆ ಕೊಟ್ಟರು. ಸಂಸ್ಥೆ 1,85,000 ಪೌಂಡ್ ಪರಿಹಾರ ತೆತ್ತಿತು. ಬ್ರಿಟಿಷ್ ಸಂಸತ್ತಿನ ಅಂದಿನ ಸ್ಪೀಕರರ ಪತ್ನಿ, ಆ ಹೆಸರು ಯಾಕೆ ಇಷ್ಟು ಸುದ್ದಿಯಲ್ಲಿದೆ ಎಂದು ಮುಗ್ಧರಂತೆ ಕೇಳಿ ಟ್ವಿಟರ್‌ನಲ್ಲಿ ಬರೆದಿದ್ದರು. ಅದೂ ಮಾನಹಾನಿಯೇ ಎಂದು 2013ರಲ್ಲಿ ಅಲ್ಲಿನ ಹೈಕೋರ್ಟು ತೀರ್ಮಾನಿಸಿತು. 'ನಾನು ಆರೋಪ ಮಾಡಲಿಲ್ಲ, ಪ್ರಶ್ನೆ ಕೇಳಿದೆ ಅಷ್ಟೆ' ಎಂಬ ನೆಪ ನಿಲ್ಲಲಿಲ್ಲ.

ಈ ಕಥೆಗೆ ಇನ್ನೊಂದು ಮುಖವಿದೆ. ಅದೇ ಕಾರ್ಯಕ್ರಮದವರು 2011ರ ಡಿಸೆಂಬರ್‌ನಲ್ಲಿ, ಬಿ.ಬಿ.ಸಿ.ಯ ಪ್ರಖ್ಯಾತ ನಿರೂಪಕ ಜಿಮ್ಮಿ ಸ್ಯಾವಿಲ್ ಬಗೆಗಿನ ದೂರುಗಳನ್ನು ಸಂಗ್ರಹಿಸಿಯೂ ಪ್ರಸಾರ ಮಾಡದೆ ಕೈಬಿಟ್ಟಿದ್ದರು. ಆ ದೂರುಗಳು ನಿಜವಾಗಿದ್ದವು. 2012ರ ಅಕ್ಟೋಬರ್‌ನಲ್ಲಿ ಬೇರೊಂದು ವಾಹಿನಿ ಅವನ್ನು ಬಯಲಿಗೆ ತಂದ ಬಳಿಕ ನೂರಾರು ಮಂದಿ ಪೊಲೀಸರ ಮುಂದೆ ಬಂದರು. ಆ ವೇಳೆಗೆ ಆರೋಪಿ ಸತ್ತು ಒಂದು ವರ್ಷವಾಗುತ್ತಿತ್ತು. ನಿಜವಾದ ದೂರು ಪೆಟ್ಟಿಗೆಯೊಳಗೆ ಉಳಿಯಿತು, ತಪ್ಪಾದ ದೂರು ಲೋಕಕ್ಕೆಲ್ಲ ಹೋಯಿತು. ವಿಚಾರಣೆಯನ್ನು ಬಿಟ್ಟುಕೊಟ್ಟರೆ ಇವೆರಡೂ ಅನ್ಯಾಯಗಳು ಒಂದೇ ಮನೆಯಲ್ಲಿ ಹುಟ್ಟುತ್ತವೆ.

ಮದೀನಾದ ಆ ಒಂದು ತಿಂಗಳು

ಇಂಥ ಪರೀಕ್ಷೆ ಪ್ರವಾದಿ(ಸ)ವರ್ಯರ ಮನೆಗೂ ಬಂದಿತ್ತು. ಬನೂ ಮುಸ್ತಲಿಕ್ ದಂಡಯಾತ್ರೆಯಿಂದ ಮರಳುವಾಗ ಕಳೆದುಹೋದ ಹಾರವನ್ನು ಹುಡುಕುತ್ತಾ ಹಝ್ರತ್ ಆಯಿಶಾ(ರ) ಹಿಂದುಳಿದರು. ಹಿಂದಿನಿಂದ ಬಂದ ಸಹಾಬಿಯೊಬ್ಬರು ಅವರನ್ನು ಒಂಟೆಯ ಮೇಲೆ ಕುಳ್ಳಿರಿಸಿ, ತಾವು ಹಗ್ಗ ಹಿಡಿದು ನಡೆದು ಸೈನ್ಯಕ್ಕೆ ತಲುಪಿಸಿದರು. ಕಪಟವಿಶ್ವಾಸಿಗಳ ಮುಖಂಡ ಅಬ್ದುಲ್ಲಾ ಬಿನ್ ಉಬಯ್ಯ್‌ಗೆ ಅಷ್ಟೇ ಸಾಕಾಯಿತು. ಸುಮಾರು ಒಂದು ತಿಂಗಳ ಕಾಲ ಮದೀನಾದಲ್ಲಿ ಆ ಅಪನಿಂದೆ ಬಾಯಿಂದ ಬಾಯಿಗೆ ಹರಡಿತು.

ಪ್ರವಾದಿ(ಸ) ಏನು ಮಾಡಿದರು? ಪತ್ನಿಯೆಂದು ವಿಚಾರಣೆಯನ್ನು ತಡೆಯಲಿಲ್ಲ, ಗಾಳಿಮಾತಿಗೆ ಓಗೊಟ್ಟು ತೀರ್ಪನ್ನೂ ಕೊಡಲಿಲ್ಲ. ಹತ್ತಿರದಿಂದ ಬಲ್ಲವರನ್ನು ಕೇಳಿದರು. ಮನೆಗೆಲಸದ ಬರೀರಾ(ರ) ಅವರನ್ನು ಕೇಳಿದರು. ಕೊನೆಗೆ ಆಯಿಶಾ(ರ) ಅವರ ಬಳಿಯೇ ಕುಳಿತು ಅವರ ಮಾತಿಗೆ ಅವಕಾಶ ಕೊಟ್ಟರು. ಸವತಿಯಾದ ಝೈನಬ್(ರ) ಅವರಿಗೆ ಒಂದು ಮಾತು ಹೆಚ್ಚು ಆಡುವ ಅವಕಾಶವಿತ್ತು. ಆದರೂ ತಾನು ಕಾಣದ್ದನ್ನು ಕಂಡೆನೆನ್ನಲಾರೆ, ಕೇಳದ್ದನ್ನು ಕೇಳಿದೆನೆನ್ನಲಾರೆ ಎಂಬ ಅರ್ಥದ ಉತ್ತರ ಕೊಟ್ಟು, ತಾನು ಬಲ್ಲದ್ದು ಒಳ್ಳೆಯದನ್ನೇ ಎಂದರು. ಅಬೂ ಅಯ್ಯೂಬ್ ಅನ್ಸಾರಿ(ರ) ದಂಪತಿಗಳು ಮನೆಯೊಳಗೆ ಮಾತಾಡಿಕೊಂಡು, ನಾವು ಮಾಡಲಾರದ್ದನ್ನು ನಮಗಿಂತ ಉತ್ತಮರಾದವರ ಮೇಲೆ ಹೊರಿಸುವುದು ಹೇಗೆ ಎಂದು ಅಲ್ಲಿಗೇ ನಿಲ್ಲಿಸಿದರು.

ಬಳಿಕ ಸೂರಃ ಅನ್ನೂರ್‌ನ ಸೂಕ್ತಗಳು ಅವತೀರ್ಣಗೊಂಡವು. ಆರೋಪ ಕಟ್ಟಿದವರನ್ನು ಮಾತ್ರವಲ್ಲ, ಅದನ್ನು ಹಗುರವಾಗಿ ಎಣಿಸಿ ನಾಲಗೆಯಿಂದ ನಾಲಗೆಗೆ ದಾಟಿಸಿದವರನ್ನೂ ಅವು ತರಾಟೆಗೆ ತೆಗೆದುಕೊಂಡವು. ನಿಮಗೆ ಹಗುರವೆನಿಸಿದ್ದು ಅಲ್ಲಾಹನ ಬಳಿ ಘೋರವಾಗಿದೆ ಎಂಬುದು ಅವುಗಳ ಎಚ್ಚರಿಕೆ.

ಪತ್ರಿಕೆಯ ಹೊಣೆ, ಮನೆಯ ಹೊಣೆ

ಇಷ್ಟರಿಂದ ಪತ್ರಿಕೆಯವರು ಪಾಲಿಸಬೇಕಾದ ಕೆಲವು ನಿಯಮಗಳನ್ನು ತೆಗೆಯಬಹುದು.

1. ಆರೋಪ ಯಾರ ಮೇಲಿದೆಯೋ ಅವರನ್ನು ಪ್ರಕಟಣೆಗೆ ಮೊದಲೇ ಕೇಳಬೇಕು. ಉತ್ತರ ಕೊಡಲು ತಕ್ಕಷ್ಟು ಸಮಯ ಕೊಡಬೇಕು.

2. 'ಪೊಲೀಸರು ಹೇಳಿದರು', 'ಮೂಲಗಳು ತಿಳಿಸಿವೆ' ಎಂದು ಬರೆದರೆ ಪರಿಶೀಲನೆ ಮಾಡಿದಂತಾಗುವುದಿಲ್ಲ. ಹೇಳಿದವನಿಗೆ ಅದರಿಂದ ಲಾಭವಿದೆಯೇ ಎಂದು ನೋಡಬೇಕು. ಅವನೊಂದಿಗೆ ಸಂಬಂಧವಿಲ್ಲದ ಇನ್ನೊಂದು ಆಧಾರವನ್ನು ಹುಡುಕಬೇಕು.

3. ಆರೋಪವನ್ನು ಆರೋಪವೆಂದೇ ಬರೆಯಬೇಕು. ಒಳಗೆ ಎಚ್ಚರಿಕೆಯಿಂದ ಬರೆದು ತಲೆಬರಹದಲ್ಲಿ ತೀರ್ಪು ಕೊಡುವುದು ವಂಚನೆ.

4. ಸಾರ್ವಜನಿಕ ಹೊಣೆಗೆ ಸಂಬಂಧಿಸಿದ ತಪ್ಪನ್ನು ಬರೆಯಬೇಕು, ಮನೆಯೊಳಗಿನ ಗುಟ್ಟನ್ನು ಕೆದಕಬಾರದು. ಹದೀಸ್ ವರದಿಗಾರರ ದೋಷಗಳನ್ನು ಬಹಿರಂಗವಾಗಿ ಹೇಳುವುದನ್ನು ಉಲಮಾಗಳು ಪರನಿಂದೆಯೆಂದು ಎಣಿಸಲಿಲ್ಲ, ಏಕೆಂದರೆ ಅದು ಧರ್ಮದ ರಕ್ಷಣೆಗೆ ಬೇಕಿತ್ತು. ಆದರೆ ಅಗತ್ಯಕ್ಕಿಂತ ಒಂದು ಪದವನ್ನೂ ಹೆಚ್ಚು ಹೇಳಬಾರದೆಂದು ತಾಕೀತು ಮಾಡಿದರು.

5. ತಪ್ಪಾದಾಗ, ಆರೋಪ ಬಂದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದುಪಡಿ ಹಾಕಬೇಕು. ಮೊದಲ ಪುಟದಲ್ಲಿ ಕಳೆದ ಮಾನ ಒಳಪುಟದ ಮೂಲೆಯಲ್ಲಿ ಮರಳುವುದಿಲ್ಲ.

ಭಾರತೀಯ ಪತ್ರಿಕಾ ಮಂಡಳಿಯ ನಿಯಮಗಳಲ್ಲೂ ಪ್ರಕಟಣೆಗೆ ಮೊದಲಿನ ಪರಿಶೀಲನೆ ಮತ್ತು ಉತ್ತರಿಸುವ ಹಕ್ಕು ಸೇರಿವೆ. ಆದರೆ ಮಂಡಳಿ ಪತ್ರಿಕೆಗೆ ಛೀಮಾರಿ ಹಾಕಬಲ್ಲದೇ ಹೊರತು ದಂಡ ವಿಧಿಸಲಾರದು. ಆದುದರಿಂದ ಕೊನೆಯ ಕಾವಲುಗಾರನು ಬರೆಯುವವನ ಅಂತಃಸಾಕ್ಷಿಯೇ.

ಇನ್ನು ನಮ್ಮ ಮನೆಗೆ ಬರೋಣ. ಮಾಧ್ಯಮಗಳು ನಮ್ಮ ಸಮುದಾಯದ ಯುವಕರನ್ನು ವಿಚಾರಿಸದೆ ಅಪರಾಧಿಗಳೆನ್ನುತ್ತವೆ ಎಂದು ನಾವು ದೂರುತ್ತೇವೆ. ಆ ದೂರಿನಲ್ಲಿ ಅನೇಕ ಸಲ ಹುರುಳಿದೆ. ಆದರೆ ನಮಗೆ ಆಗದ ರಾಜಕಾರಣಿಯ ಮೇಲೆ, ನಮ್ಮ ಅಭಿಪ್ರಾಯವನ್ನು ಒಪ್ಪದ ಆಲಿಮರೊಬ್ಬರ ಮೇಲೆ ಆರೋಪವೊಂದು ವಾಟ್ಸಾಪ್‌ನಲ್ಲಿ ಬಂದಾಗ ನಾವು ಎಷ್ಟು ಹೊತ್ತು ತಡೆಯುತ್ತೇವೆ? ಒಂದು ಜನಾಂಗದ ಮೇಲಿನ ದ್ವೇಷವು ನ್ಯಾಯವನ್ನು ಬಿಟ್ಟುಬಿಡುವಂತೆ ನಿಮ್ಮನ್ನು ಮಾಡದಿರಲಿ ಎಂಬುದು ಸೂರಃ ಅಲ್ ಮಾಇದಾದ 8ನೇ ಸೂಕ್ತದ ಆಶಯ. ವಿಚಾರಣೆಯ ಹಕ್ಕನ್ನು ನಮಗಾಗಿ ಕೇಳುವವರು ಅದನ್ನು ನಮ್ಮ ವಿರೋಧಿಗೂ ಕೊಡಬೇಕು. ಇಲ್ಲವಾದರೆ ನಾವು ಕೇಳುತ್ತಿರುವುದು ನ್ಯಾಯವಲ್ಲ, ರಿಯಾಯಿತಿ.

ಹಿಂದೆ ಪ್ರಕಾಶಕರೆಂದರೆ ಮುದ್ರಣಾಲಯ ಉಳ್ಳವರು. ಇಂದು ಮೊಬೈಲ್ ಇರುವ ಪ್ರತಿಯೊಬ್ಬ ತಾಯಿ, ತಂದೆ, ಮಗ, ಮಗಳೂ ಪ್ರಕಾಶಕರೇ. ಸಂದೇಶವೊಂದನ್ನು ಮುಂದಕ್ಕೆ ಕಳುಹಿಸುವ ಮೊದಲು ಮನೆಯಲ್ಲಿ ಮೂರು ಮಾತು ಕೇಳಿಕೊಳ್ಳೋಣ. ಇದನ್ನು ಮೊದಲು ಹೇಳಿದವರು ಯಾರು? ಆರೋಪಿ ಏನು ಹೇಳಿದ್ದಾನೆ? ಇದು ಸುಳ್ಳಾದರೆ ಆ ಮನೆಯವರಿಗೆ ನಾನು ಏನನ್ನು ಹಿಂತಿರುಗಿಸಬಲ್ಲೆ? ಈ ಮೂರಕ್ಕೆ ಉತ್ತರವಿಲ್ಲದಿದ್ದರೆ ಸಂದೇಶವು ನಮ್ಮಲ್ಲಿಗೇ ನಿಲ್ಲಲಿ. ಕಿವಿ, ಕಣ್ಣು, ಹೃದಯ ಪ್ರತಿಯೊಂದೂ ನಾಳೆ ವಿಚಾರಣೆಗೊಳಗಾಗುತ್ತವೆಂದು ಸೂರಃ ಬನೀ ಇಸ್ರಾಈಲ್ ನೆನಪಿಸುತ್ತದೆ. ಆ ದಿನ ನಮ್ಮನ್ನು ವಿಚಾರಿಸುವವನು ಸಾಕ್ಷ್ಯವಿಲ್ಲದೆ ತೀರ್ಪು ಕೊಡುವವನಲ್ಲ. ಇಂದು ಇನ್ನೊಬ್ಬರ ಮೇಲೆ ವಿಚಾರಿಸದೆ ತೀರ್ಪು ಕೊಟ್ಟವರು ಅಂದು ಯಾವ ಮುಖದಿಂದ ಅವನ ಮುಂದೆ ನಿಲ್ಲುವರು?

ಕೇಳಿದ್ದನ್ನು ವಿಚಾರಿಸಿ, ತಿಳಿದದ್ದನ್ನು ಮಾತ್ರ ಆಡುವ ನಾಲಗೆಯನ್ನೂ ಬರೆಯುವ ಲೇಖನಿಯನ್ನೂ ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.